ಟೈಸನ್ ಪಂದ್ಯದ ‘ಪಿಪಿವಿ ಪಾಸ್’: ಧಾರವಾಡದ ಹುಡುಗರ ಹಣ ಹೋದ ದಾರಿ

ಬಾಕ್ಸಿಂಗ್, ಯುಎಫ್‌ಸಿ (ಗುದ್ದು, ಒದೆ, ಪಟ್ಟು ಎಲ್ಲ ಬೆರೆತ ಕಾಳಗ), ಡಬ್ಲ್ಯುಡಬ್ಲ್ಯುಇ (ಮನರಂಜನೆಯ ಕುಸ್ತಿ) ನೋಡುವ ಹುಬ್ಬಳ್ಳಿ-ಧಾರವಾಡದ ಹುಡುಗರಿಗಾಗಿ, ಅವರಿಗಿಂತ ಹೆಚ್ಚಾಗಿ ಅವರ ಖಾತೆಗೆ ತಿಂಗಳು ತಿಂಗಳು ಹಣ ಕಳಿಸುವ ಮನೆಯ ಹಿರಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದೊಡ್ಡ ಪಂದ್ಯವೊಂದು ಹತ್ತಿರ ಬಂತೆಂದರೆ ಟೆಲಿಗ್ರಾಂ ಗುಂಪುಗಳಲ್ಲಿ ‘ಪಿಪಿವಿ ಪಾಸ್’ ಮಾರುವವರು ಹುಟ್ಟಿಕೊಳ್ಳುತ್ತಾರೆ. ಪಿಪಿವಿ ಎಂದರೆ ಪೇ-ಪರ್-ವ್ಯೂ, ಒಂದೊಂದು ಪಂದ್ಯಕ್ಕೂ ಬೇರೆಯಾಗಿ ಹಣ ಕಟ್ಟಿ ನೋಡುವ ಪದ್ಧತಿ. 2024ರ ನವೆಂಬರಿನಲ್ಲಿ ಇಂಥದೊಂದು ಪಾಸ್ ಕೊಂಡ ನನ್ನ ಅಕ್ಕನ ಮಗ ಮತ್ತು ಅವನ ಕೋಣೆಯ ಗೆಳೆಯರು ಪಾಸಿನ ಹಣವನ್ನಷ್ಟೇ ಕಳೆದುಕೊಳ್ಳಲಿಲ್ಲ. ಅವರಲ್ಲೊಬ್ಬನ ಖಾತೆಯಿಂದ 38,000 ರೂಪಾಯಿಗೂ ಹೆಚ್ಚು ಹಣ ಒಂದೇ ಬೆಳಗಿನಲ್ಲಿ ಹೋಯಿತು. ಆ ಹುಡುಗ ಹಾವೇರಿ ಜಿಲ್ಲೆಯವನು. ತಂದೆ ಗೋವಿನಜೋಳ ಮಾರಿ, ಕೋಚಿಂಗ್ ಶುಲ್ಕಕ್ಕೂ ಕೋಣೆಯ ಬಾಡಿಗೆಗೂ ಎಂದು ಕಳಿಸಿದ್ದ ಹಣ ಅದು.

ಇವರೆಲ್ಲ ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದವರು. ಇಬ್ಬರು ಪಿಎಸ್‌ಐ ಹುದ್ದೆಯ ಆಸೆಯಿಂದ ದಿನವೂ ಓಡುವ, ದಂಡ-ಬೈಠಕ್ ಹೊಡೆಯುವ ಹುಡುಗರು. ಒಬ್ಬ ಊರಿನ ಗರಡಿಯಲ್ಲಿ ಒಂದಷ್ಟು ಮಣ್ಣು ಮೈಗೆ ಹಚ್ಚಿಕೊಂಡವನು. ಅವರಿಗೆ ಕಾಳಗದ ಹುಚ್ಚು ಇರುವುದು ಸಹಜವೇ. ಅದರ ಮೇಲೆ ಪಂದ್ಯವೂ ಅಂಥದ್ದೇ ಇತ್ತು. ಬಾಕ್ಸಿಂಗ್‌ನ ಹಳೆಯ ಚಾಂಪಿಯನ್, 58 ವರ್ಷದ ಮೈಕ್ ಟೈಸನ್ ಮತ್ತು ಯೂಟ್ಯೂಬಿನಿಂದ ಹೆಸರಾದ 27 ವರ್ಷದ ಬಾಕ್ಸರ್ ಜೇಕ್ ಪಾಲ್, ಟೆಕ್ಸಾಸ್‌ನ ಆರ್ಲಿಂಗ್ಟನ್ನಿನ ಕ್ರೀಡಾಂಗಣದಲ್ಲಿ, ನವೆಂಬರ್ 15ರ ರಾತ್ರಿ. ಜುಲೈ 20ರಂದೇ ನಡೆಯಬೇಕಾಗಿದ್ದ ಪಂದ್ಯ ಟೈಸನ್ನನ ಅನಾರೋಗ್ಯದಿಂದ ಮುಂದಕ್ಕೆ ಹೋಗಿದ್ದರಿಂದ ಕುತೂಹಲ ಇನ್ನಷ್ಟು ಬೆಳೆದಿತ್ತು, ಮತ್ತು ಅದೇ ಕಾರ್ಯಕ್ರಮದಲ್ಲಿ ನಮ್ಮ ದೇಶದ ಬಾಕ್ಸರ್ ನೀರಜ್ ಗೋಯತ್ ಕೂಡ ಆಡುವವರಿದ್ದರು. ಆಟದ ಗುಣದ ದೃಷ್ಟಿಯಿಂದ ನೋಡಿದರೆ ಅಷ್ಟು ವಯಸ್ಸಾದವರನ್ನು ಅಖಾಡಕ್ಕೆ ಇಳಿಸುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಜನ ನೋಡಿದರು ಎಂಬುದು ನಿಜ. ಜಗತ್ತಿನಾದ್ಯಂತ 6 ಕೋಟಿ ಮನೆಗಳಲ್ಲಿ ನೇರಪ್ರಸಾರ ನೋಡಲಾಯಿತು ಎಂದು ಅದನ್ನು ಪ್ರಸಾರ ಮಾಡಿದ ನೆಟ್‌ಫ್ಲಿಕ್ಸ್ ಆಮೇಲೆ ಹೇಳಿತು.

ಪಾಸ್ ಮಾರುವವನ ಪ್ರಕಟಣೆಯನ್ನು ನಾನು ಆಮೇಲೆ ಹುಡುಗರ ಮೊಬೈಲಿನಲ್ಲಿ ನೋಡಿದೆ. ಇಬ್ಬರು ಹೋರಾಟಗಾರರ ಚಿತ್ರ, ಬಂಗಾರದ ಬಣ್ಣದ ಅಕ್ಷರ, ಕೆಳಗೆ ‘ಒಬ್ಬರಿಗೆ 299, ನಾಲ್ವರಿಗೆ 999’. ಅದರ ಕೆಳಗಿನ ಸಾಲೇ ಎಲ್ಲಕ್ಕಿಂತ ಕೆಲಸ ಮಾಡಿದ್ದು: ‘ಅಮೆರಿಕದಲ್ಲಿ ಪಿಪಿವಿ ದರ 80 ಡಾಲರ್’. ಜಾತ್ರೆಯ ಕುಸ್ತಿಗೆ ಊರವರು ಪಟ್ಟಿ ಎತ್ತುವಂತೆ ನಾಲ್ವರೂ ಹಣ ಕೂಡಿಸಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಕಳಿಸಿದರು. ಹಣ ಸೇರಿದ ಖಾತೆಯ ಹೆಸರು ಯಾವುದೋ ಹೊರರಾಜ್ಯದ ಕಿರಾಣಿ ಅಂಗಡಿಯದಾಗಿತ್ತು. ಬಾಕ್ಸಿಂಗ್ ಪ್ರಸಾರದ ಹಣ ಕಿರಾಣಿ ಅಂಗಡಿಗೆ ಏಕೆ ಹೋಗಬೇಕು ಎಂಬ ಪ್ರಶ್ನೆ ಆ ಹೊತ್ತಿನಲ್ಲಿ ಯಾರಿಗೂ ಬರಲಿಲ್ಲ.

80 ಡಾಲರ್ ಎಂಬ ಮಾತು ಪೂರ್ತಿ ಸುಳ್ಳಲ್ಲ ಎಂಬುದರಲ್ಲೇ ಈ ಮೋಸದ ಬಲವಿದೆ. ಯುಎಫ್‌ಸಿಯ ದೊಡ್ಡ ಪಂದ್ಯಗಳಿಗೆ ಆಗ ಅಮೆರಿಕದಲ್ಲಿ 79.99 ಡಾಲರ್ ದರವಿತ್ತು, ಅಂದರೆ ನಮ್ಮ ಹಣದಲ್ಲಿ ಆರೂವರೆ ಸಾವಿರಕ್ಕೂ ಮೇಲೆ. ಹಣ ಕೊಟ್ಟು ದೂರದಿಂದ ಕಾಳಗ ನೋಡುವ ರೂಢಿ ಅಲ್ಲಿ ಬಹಳ ಹಳೆಯದು. 1971ರ ಮಾರ್ಚ್ 8ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಬಾಕ್ಸರ್‌ಗಳಾದ ಮೊಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ಸೆಣಸಿದಾಗ ಜನ ಟಿಕೆಟ್ ಪಡೆದು ಚಿತ್ರಮಂದಿರಗಳಲ್ಲಿ ಕುಳಿತು ಅದನ್ನು ನೇರವಾಗಿ ನೋಡಿದರು. ಅದೇ ಕಟ್ಟಡದಲ್ಲಿ 1985ರ ಮಾರ್ಚ್ 31ರಂದು ನಡೆದ ಮೊದಲ ರೆಸಲ್‌ಮೇನಿಯಾವನ್ನೂ (ಡಬ್ಲ್ಯುಡಬ್ಲ್ಯುಇಯ ವರ್ಷದ ದೊಡ್ಡ ಕಾರ್ಯಕ್ರಮ) ದೂರದೂರದ ಊರುಗಳಲ್ಲಿ ಹೀಗೆಯೇ ಪರದೆಯ ಮೇಲೆ ತೋರಿಸಲಾಯಿತು. ಮುಂದೆ ಕೇಬಲ್ ಪೆಟ್ಟಿಗೆ ಬಂದ ಮೇಲೆ ಚಿತ್ರಮಂದಿರದ ಟಿಕೆಟ್ಟೇ ಮನೆಯೊಳಗೆ ಬಂದಂತಾಯಿತು. 1993ರ ನವೆಂಬರ್ 12ರಂದು ಡೆನ್ವರ್‌ನಲ್ಲಿ ಯುಎಫ್‌ಸಿ ಹುಟ್ಟಿದ್ದೇ ಈ ಮಾರಾಟವನ್ನು ನಂಬಿಕೊಂಡು. 1997ರಲ್ಲಿ ಟೈಸನ್ ಎದುರಾಳಿ ಹೋಲಿಫೀಲ್ಡನ ಕಿವಿ ಕಚ್ಚಿದ ಪಂದ್ಯ ನಮ್ಮಲ್ಲಿ ಅನೇಕರಿಗೆ ಇನ್ನೂ ನೆನಪಿರಬಹುದು. ಅದನ್ನು ಹೆಚ್ಚುಕಡಿಮೆ 20 ಲಕ್ಷ ಮನೆಗಳು ಕೊಂಡಿದ್ದವು. 2015ರ ಮೇವೆದರ್–ಪಕಿಯಾವ್ ಬಾಕ್ಸಿಂಗ್ ಪಂದ್ಯವನ್ನು ಅಮೆರಿಕದಲ್ಲಿ 46 ಲಕ್ಷ ಮನೆಗಳು ಕೊಂಡವು, ಅದೂ ಎಚ್‌ಡಿ ಪ್ರಸಾರಕ್ಕೆ 99.95 ಡಾಲರ್ ತೆತ್ತು. ಕಾಳಗದ ಸುದ್ದಿಯನ್ನು ಯೂಟ್ಯೂಬಿನಲ್ಲಿ ಹಿಂಬಾಲಿಸುವ ಹುಡುಗರಿಗೆ ಈ ಅಂಕಿಗಳು ಬಾಯಿಪಾಠ. ಯಾವ ಪಂದ್ಯ ಎಷ್ಟು ‘ಬೈ’ ಪಡೆಯಿತು, ಅಂದರೆ ಎಷ್ಟು ಮನೆಗಳು ಅದನ್ನು ಕೊಂಡವು ಎಂಬುದೇ ಅವರಲ್ಲಿ ಒಂದು ಚರ್ಚೆಯ ವಿಷಯ.

ಆದರೆ ಅವರಲ್ಲಿ ಒಬ್ಬನೂ ತನ್ನ ಜೀವಮಾನದಲ್ಲಿ ಒಂದು ಪಿಪಿವಿಯನ್ನು ನಿಜವಾಗಿ ಕೊಂಡಿರಲಿಲ್ಲ. ನಮ್ಮ ದೇಶದಲ್ಲಿ ಆ ಪದ್ಧತಿ ಬೇರು ಬಿಡಲೇ ಇಲ್ಲ. ಅಮೆರಿಕದವರು ಪಂದ್ಯಕ್ಕಿಷ್ಟು ಎಂದು ಹಣ ಕಟ್ಟುತ್ತಿದ್ದ ಯುಎಫ್‌ಸಿ ಕಾರ್ಯಕ್ರಮಗಳನ್ನು ನಾವು ವರ್ಷಗಟ್ಟಲೆ ಸೋನಿಯ ಕ್ರೀಡಾ ವಾಹಿನಿಗಳಲ್ಲಿ, ಡಿಶ್‌ನ ತಿಂಗಳ ಪ್ಯಾಕಿನಲ್ಲೇ ನೋಡಿದ್ದೇವೆ. ಹೀಗಾಗಿ ಪಿಪಿವಿ ಎಂಬ ಹೆಸರು ಎಲ್ಲರಿಗೂ ಗೊತ್ತು, ಅದರ ಅಸಲಿ ರಸೀದಿ ಹೇಗಿರುತ್ತದೆ, ಹಣ ಯಾರಿಗೆ ಸಲ್ಲುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲ. ಮೋಸಗಾರ ಕುಳಿತಿರುವುದು ಸರಿಯಾಗಿ ಈ ಸಂದಿಯಲ್ಲಿ. ಟೈಸನ್ ಪಂದ್ಯದ ವಿಷಯದಲ್ಲಂತೂ ಮಾರಲು ಪಾಸ್ ಎಂಬುದೇ ಇರಲಿಲ್ಲ: ಅದು ನೆಟ್‌ಫ್ಲಿಕ್ಸ್ ಚಂದಾದಾರರೆಲ್ಲರಿಗೂ ಹೆಚ್ಚಿನ ಹಣವಿಲ್ಲದೆ ಸಿಗುತ್ತಿತ್ತು, ಮತ್ತು ಮೊಬೈಲಿನಲ್ಲಿ ಮಾತ್ರ ನೋಡುವ ಅದರ ಚಂದಾ ನಮ್ಮಲ್ಲಿ ತಿಂಗಳಿಗೆ 149 ರೂಪಾಯಿ. ಹುಡುಗರು ಒಬ್ಬೊಬ್ಬರೂ ಒಂದು ಬೆಳಗಿಗೆಂದು ಕೊಟ್ಟ ಹಣ ಅದಕ್ಕಿಂತ ಹೆಚ್ಚು.

ಅಮೆರಿಕದ ಶುಕ್ರವಾರ ರಾತ್ರಿ ಎಂದರೆ ನಮಗೆ ಶನಿವಾರ ಬೆಳಿಗ್ಗೆ; ಪ್ರಸಾರ ಆರೂವರೆಗೆ ಶುರು. ಹುಡುಗರು ಚಹಾ ಮಾಡಿಕೊಂಡು ಲಿಂಕ್‌ಗಾಗಿ ಕಾದರು. ಬಂದ ಲಿಂಕ್ ಒತ್ತಿದಾಗ ಒಂದು ಪುಟ ತೆರೆದು, ‘ವಯಸ್ಸಿನ ದೃಢೀಕರಣಕ್ಕಾಗಿ’ 1 ರೂಪಾಯಿ ಕಟ್ಟಲು ಡೆಬಿಟ್ ಕಾರ್ಡಿನ ವಿವರ ಕೇಳಿತು. ಒಬ್ಬ ತನ್ನ ಕಾರ್ಡಿನ ಸಂಖ್ಯೆ, ಅವಧಿ, ಹಿಂಬದಿಯ ಮೂರಂಕಿ ಎಲ್ಲವನ್ನೂ ತುಂಬಿದ. ಆಮೇಲೆ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಉಳಿಯಿತು. ಗುಂಪಿನಲ್ಲಿ ಕೇಳಿದರೆ ಸರ್ವರ್ ಮೇಲೆ ಹೊರೆ ಹೆಚ್ಚಾಗಿದೆ, ಇಡೀ ಜಗತ್ತಿನಲ್ಲಿ ಇದೇ ಪರಿಸ್ಥಿತಿ ಎಂಬ ಉತ್ತರ ಬಂತು. ವಿಚಿತ್ರವೆಂದರೆ ಆ ದಿನ ಅಸಲಿ ಪ್ರಸಾರದಲ್ಲಿಯೂ ಚಿತ್ರ ಅಲ್ಲಲ್ಲಿ ನಿಂತು ನಿಂತು ಬರುತ್ತಿತ್ತು, ಸಾಮಾಜಿಕ ಜಾಲತಾಣಗಳ ತುಂಬ ಅದೇ ದೂರು. ಹೀಗಾಗಿ ಕಳ್ಳನ ನೆಪಕ್ಕೆ ಸತ್ಯದ ಆಸರೆಯೇ ಸಿಕ್ಕಿಬಿಟ್ಟಿತು. ಸಮಸ್ಯೆ ಬಗೆಹರಿಸಲು ಎಂದು ಅವನು ಒಂದು ಎಪಿಕೆ ಕಡತ ಕಳಿಸಿದ. ಪ್ಲೇ ಸ್ಟೋರಿನಲ್ಲಿ ಇಲ್ಲದ ಆ್ಯಪ್‌ಗಳನ್ನು ನೇರವಾಗಿ ಮೊಬೈಲಿಗೆ ಹಾಕಲು ಬಳಸುವ ಕಡತ ಇದು. ‘ಅಪರಿಚಿತ ಮೂಲದ ಆ್ಯಪ್’ ಎಂದು ಫೋನ್ ಎಚ್ಚರಿಸುತ್ತದೆ ಎಂಬುದನ್ನೂ ಅವನೇ ಮೊದಲು ತಿಳಿಸಿ, ‘ಅಲೋ ಒತ್ತಿರಿ’ ಎಂದು ಬರೆದಿದ್ದ. ಆ ಆ್ಯಪ್ ಎಸ್‌ಎಂಎಸ್ ಓದುವ ಅನುಮತಿ ಕೇಳಿತು. ಪಂದ್ಯ ತೋರಿಸುವ ಆ್ಯಪ್‌ಗೆ ನಮ್ಮ ಎಸ್‌ಎಂಎಸ್ ಏಕೆ ಬೇಕು? ಕಾರ್ಡಿನ ವಿವರ ಆಗಲೇ ಅವನ ಕೈಯಲ್ಲಿತ್ತು, ಕೊರತೆಯಿದ್ದದ್ದು ಬ್ಯಾಂಕ್ ಕಳಿಸುವ ಓಟಿಪಿ ಒಂದೇ. ಈಗ ಅದೂ ತಾನಾಗಿ ಅವನಿಗೆ ಹೋಗತೊಡಗಿತು. ಹಣ ಹಲವು ಕಂತುಗಳಲ್ಲಿ ಕಡಿತವಾಯಿತು. ಆ ಆ್ಯಪ್ ಸಂದೇಶಗಳನ್ನು ಅಡಗಿಸುತ್ತಿದ್ದುದರಿಂದ ಹುಡುಗನಿಗೆ ತಕ್ಷಣ ತಿಳಿಯಲೂ ಇಲ್ಲ.

ನನಗೆ ಅಳಿಯನ ಫೋನ್ ಬಂದಾಗ ಅವನ ದನಿ ನಡುಗುತ್ತಿತ್ತು. “ಮಾಮಾ, ಗೆಳ್ಯಾನ ಅಕೌಂಟ್‌ನ್ಯಾಗ ಏನೂ ಉಳದಿಲ್ರಿ. ಅಂವ ರೊಕ್ಕ ವಾಪಸ್ ಕೊಡ್ತೀನಿ ಅಂತ ಒಂದು ಕ್ಯೂಆರ್ ಕಳಿಸ್ಯಾನ, ಸ್ಕ್ಯಾನ್ ಮಾಡೂದೇನ್ರಿ?” ಮಾಡಬೇಡ ಎಂದು ಹೇಳುವಷ್ಟು ಹೊತ್ತಾದರೂ ಉಳಿದಿತ್ತು ಎಂಬುದೇ ಸಮಾಧಾನ. ಯುಪಿಐ ಪಿನ್ ಹಾಕುವುದು ಹಣ ಕಳಿಸಲು ಮತ್ತು ಶಿಲ್ಕು ನೋಡಲು. ಬರುವ ಹಣಕ್ಕೆ ಪಿನ್ನೂ ಬೇಡ, ಸ್ಕ್ಯಾನೂ ಬೇಡ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ‘ಕಲೆಕ್ಟ್’ ವಿನಂತಿಯನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆಯಾದರೂ ಈ ಕ್ಯೂಆರ್ ಆಟಕ್ಕೆ ಅದರಿಂದ ತಡೆ ಬಿದ್ದಿಲ್ಲ.

ದೂರಿನ ವಿಷಯಕ್ಕೆ ಬರುತ್ತೇನೆ. ಮರುದಿನ ಭಾನುವಾರ, ಅದರ ಮರುದಿನ ಕನಕ ಜಯಂತಿಯ ರಜೆ. ಹುಡುಗರು ಮನೆಯವರಿಗೆ ತಿಳಿದೀತು ಎಂಬ ಅಂಜಿಕೆಯಲ್ಲಿ, ಮಂಗಳವಾರ ಬ್ಯಾಂಕಿಗೆ ಹೋದರಾಯಿತು ಎಂದುಕೊಂಡಿದ್ದರು. ಹಾಗೆ ಮಾಡಿದ್ದರೆ ಹಣದ ಸುಳಿವೂ ಸಿಗುತ್ತಿರಲಿಲ್ಲ. ಕದ್ದ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ದಾಟಿಸಿ ಕೊನೆಗೆ ಎಟಿಎಂನಿಂದ ತೆಗೆಯುತ್ತಾರೆ. ಸೈಬರ್ ವಂಚನೆಯ ದೂರಿಗೆಂದೇ ಇರುವ ಸಹಾಯವಾಣಿ 1930 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಿದರೆ ಹಣ ದಾಟಿದ ಖಾತೆಗಳ ಬ್ಯಾಂಕುಗಳಿಗೆ ಸೂಚನೆ ಹೋಗಿ, ಉಳಿದಷ್ಟನ್ನು ತಡೆಹಿಡಿಯಲು ಸಾಧ್ಯವಾಗುತ್ತದೆ. ಈ ಸಂಖ್ಯೆಗೆ ರಜೆಯ ಹಂಗಿಲ್ಲ. ನಾವು ಶನಿವಾರವೇ ಮೊದಲು 1930ಕ್ಕೆ, ಆಮೇಲೆ ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿ ಕಾರ್ಡ್ ನಿಲ್ಲಿಸಿ, ಫೋನಿನ ಇಂಟರ್ನೆಟ್ ಕಡಿದು ಹಾಕಿ, ಪೊಲೀಸ್ ಕಮಿಷನರೇಟಿನ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ಹೋದೆವು. ಅಲ್ಲಿನ ಸಿಬ್ಬಂದಿ ಹುಡುಗರನ್ನು ಬೈಯಲಿಲ್ಲ. “ಕ್ರಿಕೆಟ್ ಟಿಕೆಟ್, ಕರೆಂಟ್ ಬಿಲ್, ಈಗ ಇದೊಂದು ಬಾಕ್ಸಿಂಗ್ ರೀ ಸರ್, ಹೆಸರಷ್ಟ ಬ್ಯಾರೆ,” ಎಂದರು. ಕೊನೆಗೆ ಒಂದು ಸಣ್ಣ ಭಾಗ ಮಾತ್ರ ತಡೆಹಿಡಿಯಲ್ಪಟ್ಟಿತು, ಅದನ್ನು ಬಿಡಿಸಿಕೊಳ್ಳಲು ನ್ಯಾಯಾಲಯದ ಆದೇಶ ತರಬೇಕಾಯಿತು.

ಬ್ಯಾಂಕು ಉಳಿದದ್ದನ್ನು ತುಂಬಿಕೊಡುತ್ತದೆಯೇ ಎಂದು ಹುಡುಗನ ತಂದೆ ನನ್ನನ್ನು ಕೇಳಿದರು. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ, ಆಗ ಜಾರಿಯಲ್ಲಿದ್ದ ಸುತ್ತೋಲೆಯ ಪ್ರಕಾರ, ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ವಂಚನೆ ನಡೆದಿದ್ದು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕ ನಷ್ಟ ಹೊರಬೇಕಿಲ್ಲ. ಆದರೆ ಕಾರ್ಡಿನ ವಿವರವನ್ನು ತಾನೇ ಕೊಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ಅವನದೇ. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಈ ಎರಡನೆಯ ಸಾಲನ್ನು ಅವರಿಗೆ ಓದಿ ಹೇಳುವುದು ನನಗೆ ಕಷ್ಟವಾಯಿತು. ಅವರು ಮಗನಿಗೆ ಒಂದು ಮಾತೂ ಅನ್ನದೆ ಬಸ್ಸು ಹತ್ತಿದರು.

ಅದೇ ಗುಂಪು ಈಗ ಹೆಸರು ಬದಲಿಸಿಕೊಂಡು ರೆಸಲ್‌ಮೇನಿಯಾಗೂ ಯುಎಫ್‌ಸಿಗೂ ಪಾಸ್ ಮಾರುತ್ತಿದೆ. ಡಬ್ಲ್ಯುಡಬ್ಲ್ಯುಇ ಕಾರ್ಯಕ್ರಮಗಳು 2025ರ ಏಪ್ರಿಲ್ 1ರಿಂದ ಭಾರತದಲ್ಲಿ ನೆಟ್‌ಫ್ಲಿಕ್ಸ್ ಚಂದಾದಲ್ಲೇ ಸೇರಿವೆ, ರೆಸಲ್‌ಮೇನಿಯಾವೂ ಅದರಲ್ಲೇ ಬರುತ್ತದೆ. ಇನ್ನು ಅಮೆರಿಕದಲ್ಲೇ ಯುಎಫ್‌ಸಿ ತನ್ನ ಪಿಪಿವಿ ಪದ್ಧತಿಯನ್ನು ಕೈಬಿಟ್ಟಿದೆ: ಏಳು ವರ್ಷಕ್ಕೆ 770 ಕೋಟಿ ಡಾಲರಿನ ಒಪ್ಪಂದದಂತೆ 2026ರಿಂದ ಅದರ ಪಂದ್ಯಗಳು ಪ್ಯಾರಾಮೌಂಟ್ ಪ್ಲಸ್ ಎಂಬ ಆನ್‌ಲೈನ್ ಪ್ರಸಾರ ಸೇವೆಯ ಸಾಮಾನ್ಯ ಚಂದಾದೊಳಗೆ ಬರುತ್ತವೆ. ಹುಟ್ಟಿದ ಊರಿನಲ್ಲೇ ಇಲ್ಲವಾದ ಪಾಸನ್ನು ಸಪ್ತಾಪುರದಲ್ಲಿ ಮಾರುವ ಧೈರ್ಯ ಇವರದು. ಬಾಕ್ಸಿಂಗ್‌ನ ಕೆಲವು ದೊಡ್ಡ ಪಂದ್ಯಗಳನ್ನು ಡಜೋನ್‌ನಂಥ ಆನ್‌ಲೈನ್ ಕ್ರೀಡಾ ಪ್ರಸಾರ ಸೇವೆಗಳು ಇಂದಿಗೂ ಪ್ರತ್ಯೇಕ ದರಕ್ಕೆ ಮಾರುತ್ತವೆ, ನಿಜ. ಆ ಮಾರಾಟ ನಡೆಯುವುದು ಅವುಗಳ ಸ್ವಂತ ಆ್ಯಪ್‌ನೊಳಗೆ, ನಿಮ್ಮದೇ ಹೆಸರಿನ ಖಾತೆಯಲ್ಲಿ. ಟೆಲಿಗ್ರಾಂನ ಕ್ಯೂಆರ್ ಕೋಡಿನಲ್ಲಿ ಅಲ್ಲ. ಪಂದ್ಯಕ್ಕೆ ಮೊದಲು ಭಾರತದಲ್ಲಿ ಅದರ ಪ್ರಸಾರ ಯಾರದು ಎಂದು ಸಂಘಟಕರ ಅಧಿಕೃತ ಪುಟದಲ್ಲಿ ನೋಡಿ, ಅಲ್ಲಿ ಹೇಳಿದ ಸಂಸ್ಥೆಯ ಆ್ಯಪನ್ನು ಪ್ಲೇ ಸ್ಟೋರಿನಿಂದಲೇ ಹಾಕಿಕೊಳ್ಳಿ.

ಇಂಥ ಗುಂಪಿಗೆ ಈಗಾಗಲೇ ಹಣ ಕಟ್ಟಿರುವವರು ಸಿಟ್ಟಿನಲ್ಲಿ ಅವನೊಂದಿಗೆ ಜಗಳಕ್ಕೆ ಇಳಿಯುವ ಮೊದಲು ಎಲ್ಲ ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬೇಕು. ಟೆಲಿಗ್ರಾಂನಲ್ಲಿ ಎದುರಿನವನು ಇಡೀ ಸಂಭಾಷಣೆಯನ್ನು ನಿಮ್ಮ ಫೋನಿನಿಂದಲೂ ಅಳಿಸಿಹಾಕಬಲ್ಲ. ನಮ್ಮ ಹುಡುಗರ ವಿಷಯದಲ್ಲಿ ಅರ್ಧಕ್ಕರ್ಧ ಹೀಗೆಯೇ ಮಾಯವಾಯಿತು. ಠಾಣೆಯಲ್ಲಿ ಕೇಳುವುದು ಯುಪಿಐ ವಹಿವಾಟಿನ ಹನ್ನೆರಡು ಅಂಕಿಯ ಸಂಖ್ಯೆ, ಹಣ ಸೇರಿದ ಯುಪಿಐ ವಿಳಾಸ, ಬ್ಯಾಂಕ್ ಖಾತೆಯ ವಿವರಪಟ್ಟಿ, ಮಾರಿದವನ ಟೆಲಿಗ್ರಾಂ ಬಳಕೆದಾರ ಹೆಸರು ಮತ್ತು 1930ರಲ್ಲಿ ಕೊಟ್ಟ ದೂರಿನ ಸಂಖ್ಯೆ. ಎಪಿಕೆ ಹಾಕಿದ ಫೋನನ್ನು ಠಾಣೆಯವರು ನೋಡುವವರೆಗೆ ಫಾರ್ಮ್ಯಾಟ್ ಮಾಡಬೇಡಿ, ಆದರೆ ಅದರಲ್ಲಿರುವ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿಕೊಂಡು, ಬ್ಯಾಂಕಿನ ಪಾಸ್‌ವರ್ಡ್‌ಗಳನ್ನೆಲ್ಲ ಆ ಬೇರೆ ಫೋನಿನಿಂದಲೇ ಬದಲಿಸಿ.