ಗೋಸುಂಬೆಗೆ ಕೇಜ್ ತಗೊಳ್ಳುವ ಮುಂಚೆ ಇದನ್ನು ಓದಿ: ರೆಪ್ಟಿಬ್ರೀಜ್ ಎಕ್ಸ್‌ಎಲ್ ರಿವ್ಯೂ

ಬೆಳೆದ ವೇಲ್ಡ್ ಗೋಸುಂಬೆಗೆ 2 ಅಡಿ ಅಗಲ, 2 ಅಡಿ ಆಳ, 4 ಅಡಿ ಎತ್ತರದ ಕೇಜ್ ಬೇಕು. ಅದಕ್ಕಿಂತ ಚಿಕ್ಕದು ಬೇಡ. ಪೂರ್ತಿ ಓದುವಷ್ಟು ಪುರುಸೊತ್ತಿಲ್ಲದವರಿಗೆ ಇಷ್ಟು ಸಾಕು. ಯಾಕೆ ಅಂತ ತಿಳ್ಕೋಬೇಕು ಅನ್ನುವವರು ಮುಂದೆ ಓದಿ, ಯಾಕಂದ್ರೆ ಅಂಗಡಿಗೆ ಹೋದರೆ ನಿಮಗೆ ಬೇರೆಯದನ್ನೇ ತೋರಿಸುತ್ತಾರೆ.

ನಾವಿರುವುದು ಶಿಕಾಗೋ ಹತ್ತಿರದ ನೇಪರ್ವಿಲ್‌ನಲ್ಲಿ. ಮನೆಯಲ್ಲಿ ಒಂದು ಗಂಡು ವೇಲ್ಡ್ ಇದೆ, ಮಗಳು ಅದಕ್ಕೆ ಪಚ್ಚೆ ಅಂತ ಹೆಸರಿಟ್ಟಿದ್ದಾಳೆ. ವೇಲ್ಡ್ ಅಂದ್ರೆ ತಲೆಯ ಮೇಲೆ ಎತ್ತರದ ಜುಟ್ಟಿರುವ ಜಾತಿ. ಮೂಲ ಊರು ಯೆಮೆನ್, ಸೌದಿ ಅರೇಬಿಯಾ ಕಡೆ. ಅಮೆರಿಕದಲ್ಲಿ ಸಾಕುವವರ ಹತ್ತಿರ ಜಾಸ್ತಿ ಕಾಣುವುದು ಇದೇ. ಗಂಡು ಮೂಗಿನಿಂದ ಬಾಲದ ತುದಿವರೆಗೆ ಒಂದೂವರೆ ಅಡಿಯಿಂದ 2 ಅಡಿವರೆಗೂ ಬೆಳೆಯುತ್ತದೆ. ಅದರಲ್ಲಿ ಸುಮಾರು ಅರ್ಧ ಬಾಲವೇ. ಆದರೆ ಬಾಲ ಅದಕ್ಕೆ ಐದನೇ ಕಾಲಿದ್ದ ಹಾಗೆ, ಕೊಂಬೆಯಿಂದ ಕೊಂಬೆಗೆ ದಾಟುವಾಗ ಹಿಂದಿನ ಕೊಂಬೆಯನ್ನು ಬಾಲದಲ್ಲಿ ಸುತ್ತಿ ಹಿಡಿದುಕೊಂಡೇ ಮುಂದಕ್ಕೆ ಕೈ ಚಾಚುತ್ತದೆ. ಆದ್ದರಿಂದ ಅಳತೆ ಲೆಕ್ಕ ಹಾಕುವಾಗ ಬಾಲ ಬಿಟ್ಟು ಲೆಕ್ಕ ಹಾಕಬೇಡಿ.

ನಾನು ತಗೊಂಡಿರುವುದು ಜೂ ಮೆಡ್ ಕಂಪನಿಯ ರೆಪ್ಟಿಬ್ರೀಜ್ ಎಕ್ಸ್‌ಎಲ್. ಅಳತೆ 24-24-48 ಇಂಚು. ಇದೇ ಸರಣಿಯಲ್ಲಿ 16-16-30ರ ಮೀಡಿಯಂ, 18-18-36ರ ಲಾರ್ಜ್ ಕೂಡ ಇವೆ. ನಾವು ಹೋಗಿದ್ದ ಒಂದು ಅಂಗಡಿಯಲ್ಲಿ 16-16-30 ಅಳತೆಯ ಕೇಜ್ ಇರುವ ಸ್ಟಾರ್ಟರ್ ಕಿಟ್ ತೋರಿಸಿ, ಎಲ್ಲಾ ಒಂದೇ ಡಬ್ಬಿಯಲ್ಲಿದೆ, ಗೋಸುಂಬೆಗೆ ಜೀವನಪೂರ್ತಿ ಇಷ್ಟೇ ಸಾಕು ಅಂದರು. ಸಾಕಾಗಲ್ಲ. ಆ ಮಾತು ಕೇಳಿ ನನಗೆ ನಿಜಕ್ಕೂ ಬೇಜಾರಾಯಿತು, ಏಕೆಂದರೆ ಹೊಸಬರು ಅಂಗಡಿಯವರ ಮಾತು ನಂಬಿಯೇ ಮನೆಗೆ ತರುತ್ತಾರೆ, ಕಷ್ಟ ಅನುಭವಿಸುವುದು ಮಾತ್ರ ಆ ಪ್ರಾಣಿ.

ಈಗ ಲೆಕ್ಕಕ್ಕೆ ಬರೋಣ. ಡಬ್ಬಿಯ ಮೇಲೆ ಬರೆದಿರುವ ಎತ್ತರ ಬೇರೆ, ಗೋಸುಂಬೆಗೆ ಸಿಗುವ ಎತ್ತರ ಬೇರೆ. ಎಲ್ಲರೂ ತಪ್ಪುವುದು ಇಲ್ಲೇ.

ಕೇಜಿನ ಜಾಲರಿ ಚಾವಣಿಯ ಮೇಲೆ ಎರಡು ಲೈಟ್ ಇರುತ್ತವೆ. ಒಂದು ಬಿಸಿಗೆ, ಇನ್ನೊಂದು ಯುವಿಬಿಗೆ, ಅಂದ್ರೆ ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣಕ್ಕೆ. ಯುವಿಬಿ ಇಲ್ಲದಿದ್ದರೆ ಅದರ ಮೈಯಲ್ಲಿ ವಿಟಮಿನ್ ಡಿ3 ಸರಿಯಾಗಿ ತಯಾರಾಗಲ್ಲ, ಕ್ಯಾಲ್ಸಿಯಂ ಹಿಡಿಯಲ್ಲ, ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತವೆ. ಹಾಗಂತ ಲೈಟಿಗೆ ತೀರಾ ಹತ್ತಿರ ಕೂರಿಸಿದರೂ ಅಪಾಯ, ಬೆನ್ನು, ಜುಟ್ಟು ಸುಡುತ್ತದೆ. ಟಿ5 ಎಚ್‌ಓ 6 ಪರ್ಸೆಂಟ್ ಅನ್ನುವ ಯುವಿಬಿ ಟ್ಯೂಬ್‌ಲೈಟ್ ಹಾಕಿದರೆ, ಗೋಸುಂಬೆಯ ಬೆನ್ನು ಚಾವಣಿಯಿಂದ 8-9 ಇಂಚು ಕೆಳಗಿರಬೇಕು. ಅಂದ್ರೆ ಕೂರುವ ಕೊಂಬೆ ಹೆಚ್ಚುಕಮ್ಮಿ 11 ಇಂಚು ಕೆಳಗೆ. ಅದರ ಮೇಲಿನ ಜಾಗದಲ್ಲಿ ಕೊಂಬೆ ಇಡುವ ಹಾಗಿಲ್ಲ. ಇನ್ನು ಕೆಳಗೆ ಗಿಡದ ಕುಂಡಗಳು 7-8 ಇಂಚು ತಿನ್ನುತ್ತವೆ. 30 ಇಂಚಿನ ಕೇಜಿನಲ್ಲಿ ಇದೆಲ್ಲಾ ಕಳೆದರೆ ಉಳಿಯುವುದು 11 ಇಂಚು. ಒಂದೂವರೆ ಅಡಿ ಉದ್ದದ ಪ್ರಾಣಿಗೆ 11 ಇಂಚು! 48 ಇಂಚಿನ ಕೇಜಿನಲ್ಲಿ ಅದೇ ಲೆಕ್ಕಕ್ಕೆ 29 ಇಂಚು ಸಿಗುತ್ತದೆ. ಹೊರಗಿನಿಂದ ನೋಡಿದರೆ ಒಂದೂವರೆ ಅಡಿ ವ್ಯತ್ಯಾಸ ಅಷ್ಟೇ. ಒಳಗೆ ಎರಡೂವರೆ ಪಟ್ಟು.

ಒಟ್ಟು ಜಾಗ ನೋಡಿದರೂ ಅಷ್ಟೇ. ಎಕ್ಸ್‌ಎಲ್ 16 ಘನ ಅಡಿ, ಮೀಡಿಯಂ ನಾಲ್ಕೂವರೆಯೂ ಇಲ್ಲ.

ಎತ್ತರ ಸುಮ್ನೆ ಓಡಾಡೋಕೆ ಮಾತ್ರ ಅಲ್ಲ. ಗೋಸುಂಬೆಗೆ ಮೈಯೊಳಗೆ ತನ್ನದೇ ಬಿಸಿ ಇಲ್ಲ, ಬೇಕಾದಾಗ ಬಿಸಿಗೆ ಬರಬೇಕು, ಸಾಕಾದಾಗ ತಂಪಿಗೆ ಹೋಗಬೇಕು. ಗಂಡು ವೇಲ್ಡ್ ಮೈಕಾಯಿಸಿಕೊಳ್ಳುವ ಕೊಂಬೆಯ ಹತ್ತಿರ ಸುಮಾರು 85 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು, ಅಂದ್ರೆ 29-30 ಸೆಲ್ಸಿಯಸ್. ಕೆಳಗೆ ರೂಮಿನ ತಂಪು, 72 ಫ್ಯಾರನ್‌ಹೀಟ್ ಅಂದುಕೊಳ್ಳಿ. ಚಿಕ್ಕ ಕೇಜಿನಲ್ಲಿ ಈ ಏರಿಳಿತ ಸಿಗುವುದೇ ಇಲ್ಲ, ಮೇಲಿನಿಂದ ಕೆಳಗಿನವರೆಗೆ ಒಂದೇ ಸೆಖೆ.

ಪಚ್ಚೆ ಇದನ್ನು ಹೇಗೆ ಬಳಸುತ್ತಾನೆ ಅಂತ ನೋಡುವುದೇ ಚೆಂದ. ಬೆಳಗ್ಗೆ ಲೈಟ್ ಬಂದಾಗ ಅವನ ಮೈ ಕಡು ಹಸಿರು, ಹತ್ತಿರ ಹತ್ತಿರ ಕಂದು. ನಿಧಾನಕ್ಕೆ ಮೇಲಿನ ಕೊಂಬೆಗೆ ಹತ್ತಿ, ಪಕ್ಕೆ ಲೈಟಿಗೆ ತಿರುಗಿಸಿ, ಮೈಯನ್ನು ಎಲೆಯಷ್ಟು ತೆಳ್ಳಗೆ ಮಾಡಿಕೊಂಡು ಕೂರುತ್ತಾನೆ. ಲೈಟಿನ ಕಡೆಯ ಪಕ್ಕೆ ಕಪ್ಪಗಿರುತ್ತದೆ, ಈ ಕಡೆಯದು ತಿಳಿ. ಬಿಸಿ ಏರಿದ ಹಾಗೆ ಹಸಿರು ತಿಳಿಯಾಗಿ, ಹಳದಿ ಪಟ್ಟೆ ಎದ್ದು ಕಾಣುತ್ತವೆ. ಆಮೇಲೆ ಇಳಿದು ದಾಸವಾಳದ ಎಲೆಗಳ ಹಿಂದೆ ಹೋಗಿಬಿಡುತ್ತಾನೆ, ಕಾಣುವುದು ಒಂದು ಕಣ್ಣು ಮಾತ್ರ. ಮಧ್ಯಾಹ್ನ ಪೂರ್ತಿ ಅಲ್ಲೇ. ನನ್ನ ಪ್ರಕಾರ ಕೇಜ್ ದೊಡ್ಡದಾಗಿರಬೇಕು ಅನ್ನೋಕೆ ಇದೇ ದೊಡ್ಡ ಕಾರಣ, ಅವನಿಗೆ ನಮ್ಮಿಂದ ಬಚ್ಚಿಟ್ಟುಕೊಳ್ಳೋಕೆ ಆಗಬೇಕು. ಬಚ್ಚಿಟ್ಟುಕೊಳ್ಳಲು ಜಾಗ ಇಲ್ಲದ ಗೋಸುಂಬೆ ಸದಾ ಹೆದರಿಕೆಯಲ್ಲೇ ಇರುತ್ತದೆ, ಊಟ ಬಿಡುತ್ತದೆ.

ಇನ್ನು ಕೇಜ್ ಹೇಗಿದೆ ಅಂದರೆ, ನನಗೆ ತುಂಬಾ ಹಿಡಿಸಿದೆ. ಬಿಡಿ ಬಿಡಿ ಭಾಗಗಳಾಗಿ ಬರುತ್ತದೆ, ಸ್ಕ್ರೂಡ್ರೈವರ್ ಇದ್ದರೆ ಜೋಡಿಸಬಹುದು. ಇಬ್ಬರಿದ್ದರೆ ಒಳ್ಳೇದು, ಒಬ್ಬರು ಫ್ರೇಮ್ ನೇರ ಹಿಡಿದರೆ ಇನ್ನೊಬ್ಬರು ಸ್ಕ್ರೂ ಹಾಕಬಹುದು. ಅಲ್ಯೂಮಿನಿಯಂ ಚೌಕಟ್ಟು, ಕಪ್ಪು ಅಲ್ಯೂಮಿನಿಯಂ ಜಾಲರಿ. ಕಪ್ಪು ಬಣ್ಣ ಇರುವುದರಿಂದ ಜಾಲರಿ ಕಣ್ಣಿಗೆ ಅಡ್ಡ ಬರಲ್ಲ, ಒಳಗಿನ ಹಸಿರು ಚೆನ್ನಾಗಿ ಕಾಣುತ್ತದೆ. ಮುಂದೆ ದೊಡ್ಡ ಬಾಗಿಲು, ಅದರ ಕೆಳಗೆ ಇನ್ನೊಂದು ಚಿಕ್ಕ ಬಾಗಿಲು. ಈ ಚಿಕ್ಕ ಬಾಗಿಲು ನನಗೆ ದಿನಾ ಉಪಯೋಗಕ್ಕೆ ಬರುತ್ತದೆ. ಉದುರಿದ ಎಲೆ, ಕಕ್ಕ ಎಲ್ಲಾ ತೆಗೆಯುವಾಗ ಮೇಲೆ ಕೂತವನಿಗೆ ತೊಂದರೆಯೇ ಆಗಲ್ಲ.

ಈ ತರದ ಮೆಶ್ ಕೇಜ್ ಯಾವ ಕಂಪನಿಯದ್ದೇ ತಗೊಂಡರೂ ಎರಡು ಕೆಲಸ ನೀವೇ ಮಾಡಿಕೊಳ್ಳಬೇಕು. ಮೊದಲನೆಯದು ನೀರು. ಗೋಸುಂಬೆ ಬಟ್ಟಲಿನಲ್ಲಿ ನೀರು ಕುಡಿಯುವುದು ಅಪರೂಪ, ಎಲೆ ಮೇಲಿನ ಹನಿ ನೆಕ್ಕುತ್ತದೆ. ಹಾಗಾಗಿ ನೀರು ಸಿಂಪಡಿಸಲೇಬೇಕು. ಸಿಂಪಡಿಸಿದ ನೀರು ಕೆಳಗೆ ಬಂದೇ ಬರುತ್ತದೆ. ವಾಷಿಂಗ್ ಮೆಷಿನ್ ಕೆಳಗೆ ಇಡುವ ದೊಡ್ಡ ಪ್ಲಾಸ್ಟಿಕ್ ಟ್ರೇ ಸಿಗುತ್ತದಲ್ಲ, ಅದನ್ನು ಕೇಜಿನ ಕೆಳಗಿಟ್ಟು, ತಳದ ಹಲಗೆಗೆ ಕೆಲವು ತೂತು ಕೊರೆದರೆ ಮುಗಿಯಿತು. ನೀರು ಒಳಗೆ ನಿಂತರೆ ಬೂಷ್ಟು ಬರುತ್ತದೆ. ಎರಡನೆಯದು ಕೊಂಬೆ. ತೆಳ್ಳನೆ ಜಾಲರಿಗೆ ಭಾರದ ಕೊಂಬೆ ಕಟ್ಟಿದರೆ ಜಾಲರಿ ಹರಿಯುತ್ತದೆ. ಒಳಗೆ ಎರಡೂ ಬದಿಯ ಚೌಕಟ್ಟಿಗೆ ತಾಗುವ ಹಾಗೆ ಬಿದಿರಿನ ಕೋಲು ಅಡ್ಡ ಬಿಗಿಸಿ, ಅದಕ್ಕೆ ಕೊಂಬೆ, ಬಳ್ಳಿ ಕಟ್ಟಿ. ಕೋಲುಗಳು ಬೇರೆ ಬೇರೆ ದಪ್ಪ ಇರಲಿ, ಅದರ ಹಿಡಿತಕ್ಕೆ ಒಳ್ಳೇದು.

ಗಿಡ ನಿಜವಾದದ್ದೇ ಹಾಕಿ. ವೇಲ್ಡ್ ಹುಳು ತಿನ್ನುವುದರ ಜೊತೆಗೆ ಎಲೆಯನ್ನೂ ಕಚ್ಚಿ ತಿನ್ನುತ್ತದೆ, ಪ್ಲಾಸ್ಟಿಕ್ ಎಲೆ ನುಂಗಿದರೆ ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ. ದಾಸವಾಳ, ಶೆಫ್ಲೆರಾ, ಮನಿಪ್ಲಾಂಟ್, ಫೈಕಸ್ ಇವು ಸಾಮಾನ್ಯವಾಗಿ ಎಲ್ಲರೂ ಹಾಕುವ ಗಿಡಗಳು. ದಾಸವಾಳದ ಹೂವು ಕೊಟ್ಟರಂತೂ ಪಚ್ಚೆ ದಳ ದಳವಾಗಿ ಮುಗಿಸುತ್ತಾನೆ. ನರ್ಸರಿಯಿಂದ ತಂದ ಗಿಡದ ಎಲೆ ಚೆನ್ನಾಗಿ ತೊಳೆದು, ಮಣ್ಣು ಬದಲಾಯಿಸಿ, ಮೇಲೆ ಅದಕ್ಕೆ ನುಂಗೋಕೆ ಆಗದಷ್ಟು ದೊಡ್ಡ ಕಲ್ಲು ಹಾಸಿ.

ಗಾಜಿನ ಕೇಜ್ ಆಗಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಆಗುತ್ತದೆ, ಯುರೋಪಿನಲ್ಲಿ ಗಾಜಿನಲ್ಲೂ ಚೆನ್ನಾಗಿ ಸಾಕುತ್ತಾರೆ. ಆದರೆ ಗಾಳಿ ಕೆಳಗಿನಿಂದ ಒಳಗೆ ಬಂದು ಮೇಲಿನಿಂದ ಹೊರಗೆ ಹೋಗುವ ವ್ಯವಸ್ಥೆ ಇರಲೇಬೇಕು. ಬಿಸಿ, ತೇವ ಎರಡೂ ಸೇರಿ ಗಾಳಿ ನಿಂತುಬಿಟ್ಟರೆ ಶ್ವಾಸಕೋಶಕ್ಕೆ ಸೋಂಕು ಬರುತ್ತದೆ. ಗಾಜಿನಲ್ಲಿ ತನ್ನ ಪ್ರತಿಬಿಂಬ ನೋಡಿ ಇನ್ನೊಂದು ಗೋಸುಂಬೆ ಅಂದುಕೊಂಡು ಕೆರಳುವುದೂ ಇದೆ. ಹೊಸಬರಿಗೆ ಮೆಶ್ ಸುಲಭ. ನಮ್ಮ ಕಡೆ ಚಳಿಗಾಲದಲ್ಲಿ ಹೀಟರ್ ಓಡಿ ಮನೆಯೊಳಗಿನ ಗಾಳಿ ಒಣಗಿಬಿಡುತ್ತದೆ, ಆಗ ನಾನು ಹಿಂಬದಿ ಮತ್ತು ಎರಡು ಪಕ್ಕಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಶೀಟ್ ಹಾಕುತ್ತೇನೆ. ಮುಂಭಾಗ, ಚಾವಣಿ ಯಾವತ್ತೂ ಮುಚ್ಚುವುದಿಲ್ಲ. ಶೀಟ್ ಲೈಟಿಗೆ ತಾಗಬಾರದು.

ಹೆಣ್ಣು ಸಾಕುವವರು ಇನ್ನೂ ಜಾಸ್ತಿ ಗಮನ ಕೊಡಬೇಕು. ಗಾತ್ರದಲ್ಲಿ ಚಿಕ್ಕದು, ಚಿಕ್ಕ ಕೇಜ್ ಸಾಕು ಅಂತ ಹೇಳುವವರಿದ್ದಾರೆ. ಹೆಣ್ಣು ವೇಲ್ಡ್ ಗಂಡಿನ ಜೊತೆ ಸೇರದೇ ಇದ್ದರೂ ಮೊಟ್ಟೆ ಇಡುತ್ತದೆ. ಮೊಟ್ಟೆ ಇಡೋಕೆ ಸುರಂಗ ತೋಡಬೇಕು, ಅದಕ್ಕೆ ಒಂದು ಅಡಿ ಆಳದ ಒದ್ದೆ ಮರಳಿನ ತೊಟ್ಟಿ ಕೇಜಿನೊಳಗೇ ಇರಬೇಕು. ತೋಡಲು ಜಾಗ ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ಪ್ರಾಣಕ್ಕೇ ಕುತ್ತು. 16 ಇಂಚು ಅಗಲದ ಕೇಜಿನಲ್ಲಿ ಆ ತೊಟ್ಟಿ ಇಟ್ಟರೆ ಗಿಡಕ್ಕೆ ಜಾಗವೆಲ್ಲಿ? ಎಕ್ಸ್‌ಎಲ್‌ನಲ್ಲಿ ಒಂದು ಮೂಲೆಗೆ ತೊಟ್ಟಿ, ಉಳಿದದ್ದಕ್ಕೆ ಗಿಡ, ಆರಾಮಾಗಿ ಹಿಡಿಸುತ್ತದೆ.

ಮರಿಗೆ ದೊಡ್ಡ ಕೇಜ್ ಹಾಕಿದರೆ ಊಟ ಸಿಗದೆ ಸಾಯುತ್ತದೆ ಅಂತ ಒಂದು ಹಳೆಯ ಮಾತಿದೆ. ಈಗಷ್ಟೇ ಮೊಟ್ಟೆಯಿಂದ ಬಂದ ಮರಿಗೆ ಚಿಕ್ಕದು ಸರಿ. ಮೂರು ತಿಂಗಳು ದಾಟಿದ ಮರಿಯನ್ನು ನೇರವಾಗಿ ದೊಡ್ಡದಕ್ಕೇ ಬಿಡಬಹುದು, ಗಿಡ ದಟ್ಟವಾಗಿರಬೇಕು, ಹುಳುಗಳನ್ನು ದಿನಾ ಒಂದೇ ಜಾಗದಲ್ಲಿ ಬಟ್ಟಲಿನಲ್ಲಿ ಇಡಬೇಕು ಅಷ್ಟೇ. ಒಂದು ವರ್ಷದೊಳಗೆ ಹೆಚ್ಚುಕಮ್ಮಿ ಪೂರ್ತಿ ಬೆಳೆದುಬಿಡುತ್ತದೆ, ಎರಡು ಸಲ ಕೇಜ್ ಯಾಕೆ ಕೊಳ್ಳಬೇಕು?

ಬೇರೆ ಜಾತಿಗಳ ಬಗ್ಗೆ ಒಂದೆರಡು ಮಾತು. ಮಡಗಾಸ್ಕರ್‌ನ ಗಂಡು ಪ್ಯಾಂಥರ್‌ಗೂ ಇದೇ ಅಳತೆ. ಹೆಣ್ಣು ಪ್ಯಾಂಥರ್, ಮೂರು ಕೊಂಬಿನ ಜಾಕ್ಸನ್ ಇವಕ್ಕೆ 18-18-36ರಲ್ಲಿ ನಡೆಯುತ್ತದೆ, ಆದರೂ ಜಾಗ ಇದ್ದರೆ ದೊಡ್ಡದೇ ತಗೊಳ್ಳಿ. ತುಂಬಾ ದೊಡ್ಡದಾಗಿ ಬೆಳೆಯುವ ಪಾರ್ಸನ್ಸ್ ಜಾತಿಗೆ ಎಕ್ಸ್‌ಎಲ್ ಕೂಡ ಸಾಲದು. ಯಾವ ಜಾತಿಯಾದರೂ ಒಂದು ಕೇಜಿಗೆ ಒಂದೇ. ಕೇಜ್ ಎಷ್ಟೇ ದೊಡ್ಡದಿರಲಿ, ಎರಡನ್ನು ಒಟ್ಟಿಗೆ ಬಿಡಬೇಡಿ. ಎರಡು ಕೇಜ್ ಇದ್ದರೆ ಒಂದಕ್ಕೊಂದು ಕಾಣದ ಹಾಗೆ ಇಡಿ.

ಭಾರತದಲ್ಲಿ, ನಮ್ಮ ಊರಿನಿಂದ ಓದುತ್ತಿರುವವರಿಗೆ: ನಮ್ಮ ಹೊಲ, ಬೇಲಿಗಳಲ್ಲಿ ಕಾಣುವ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹಿಡಿಯುವುದು, ಸಾಕುವುದು, ಮಾರುವುದು ಎಲ್ಲಾ ಅಪರಾಧ. ದಯವಿಟ್ಟು ಅದನ್ನು ಅದರ ಪಾಡಿಗೆ ಬಿಡಿ. ವೇಲ್ಡ್, ಪ್ಯಾಂಥರ್ ಇವು ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳು, ಅವನ್ನು ಇಟ್ಟುಕೊಳ್ಳಲು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಕಾಗದಪತ್ರ ಸರಿಯಿದ್ದು ಈಗಾಗಲೇ ಸಾಕುತ್ತಿರುವವರು ಕೇಜನ್ನು ಹೊರದೇಶದಿಂದ ತರಿಸಬೇಕಿಲ್ಲ. ಕಿಟಕಿಗೆ ಅಲ್ಯೂಮಿನಿಯಂ ಚೌಕಟ್ಟು, ಸೊಳ್ಳೆ ಮೆಶ್ ಹಾಕುವವರು ಎಲ್ಲಾ ಊರಲ್ಲೂ ಇದ್ದಾರೆ, 2-2-4 ಅಡಿ ಅಂತ ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. ಫೈಬರ್ ಮೆಶ್ ಮಾತ್ರ ಬೇಡ ಅನ್ನಿ. ಮಿಡತೆ, ಕ್ರಿಕೆಟ್ ಅದನ್ನು ಕಡಿದು ಹೊರಗೆ ಬರುತ್ತವೆ, ಲೈಟಿನ ಬಿಸಿಗೂ ತಡೆಯಲ್ಲ. ಅಲ್ಯೂಮಿನಿಯಂ ಅಥವಾ ಸ್ಟೀಲ್ ಮೆಶ್ ಕೇಳಿ.

ಕೇಜ್ ತರುವ ಮುಂಚೆ ಇಡುವ ಜಾಗ ಅಳೆಯಿರಿ. ನೆಲದ ಮೇಲೆ ಇಡಬೇಡಿ. ತನಗಿಂತ ಎತ್ತರದಿಂದ ಯಾರಾದರೂ ಬಗ್ಗಿ ನೋಡಿದರೆ ಗೋಸುಂಬೆ ಹೆದರುತ್ತದೆ, ಅದು ಕೂರುವ ಕೊಂಬೆ ನಮ್ಮ ಕಣ್ಣಿಗಿಂತ ಮೇಲಿರಬೇಕು. 2 ಅಡಿ ಎತ್ತರದ ಗಟ್ಟಿ ಟೇಬಲ್ ಮೇಲೆ 4 ಅಡಿ ಕೇಜ್, ಅದರ ಮೇಲೆ ಲೈಟ್, ಎಲ್ಲಾ ಸೇರಿ ಏಳು ಅಡಿಯೊಳಗೆ ಬರುತ್ತದೆ, 8 ಅಡಿ ಚಾವಣಿಯ ಅಪಾರ್ಟ್‌ಮೆಂಟಿನಲ್ಲೂ ಹಿಡಿಸುತ್ತದೆ. ಕೇಜ್ ಹಗುರ, ಆದರೆ ಒದ್ದೆ ಮಣ್ಣಿನ ಕುಂಡಗಳು ಹಗುರವಲ್ಲ, ಟೇಬಲ್ ಅಲ್ಲಾಡಬಾರದು. ಟಿವಿ ಪಕ್ಕ, ಎಸಿ ಗಾಳಿ ನೇರ ಬೀಸುವ ಕಡೆ, ಜನ ಓಡಾಡುವ ಬಾಗಿಲ ಬಳಿ ಬೇಡ. ಒಂದು ಮೂಲೆ ಸಿಕ್ಕರೆ ಎರಡು ಬದಿ ಗೋಡೆಯೇ ಮರೆ ಆಗುತ್ತದೆ.