ಸ್ಟ್ರೋಲರ್ ಬಾಲ್ಕನಿಯಲ್ಲಿ, ಗುಂಡ ಸೊಂಟದಲ್ಲಿ: ಹಿಪ್ ಸೀಟ್ ಕ್ಯಾರಿಯರ್ ಏಳು ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಇದನ್ನು ಬರೆಯುತ್ತಿರುವುದು ಮಗುವಿನ ಅಮ್ಮ ಅಲ್ಲ, ಅಜ್ಜಿ. ವಯಸ್ಸು 61. ಊರು ತೀರ್ಥಹಳ್ಳಿ ಕಡೆ. 36 ವರ್ಷ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಕ ಹಾಕಿ, ಸೀಲು ಒತ್ತಿ ನಿವೃತ್ತಿಯಾದೆ. ಮಗಳ 26 ವಾರದ ಹೆರಿಗೆ ರಜೆ ಮುಗಿಯುವ ಹೊತ್ತಿಗೆ ಸರಿಯಾಗಿ ಬೆಂಗಳೂರಿಗೆ ಬಂದೆ. ಈಗ ನನ್ನ ಕೈಯಲ್ಲಿರುವುದು ಒಂದೇ ಪಾರ್ಸೆಲ್. ಹೆಸರು ಗುಂಡ (ಮನೆಯಲ್ಲಿ ಕರೆಯುವುದು ಹಾಗೆ). ಹದಿನೈದು ತಿಂಗಳು, ಹೋದ ಭಾನುವಾರದ ತೂಕ 10.4 ಕೆ.ಜಿ. ಅವನನ್ನು ಎತ್ತಿಕೊಂಡು ತೂಕದ ಮಷಿನ್ ಮೇಲೆ ನಿಂತು, ಆಮೇಲೆ ನಾನೊಬ್ಬಳೇ ನಿಂತು ಕಳೆಯುತ್ತೇನೆ. ಹಳೇ ಅಭ್ಯಾಸ, ಬಿಡುವುದಿಲ್ಲ.

ಗುಂಡ ಹುಟ್ಟುವ ಮೊದಲೇ ಮನೆಯಲ್ಲಿ ಒಂದು ಸ್ಟ್ರೋಲರ್ ಇತ್ತು. ಅಳಿಯನ ಆಫೀಸಿನವರೆಲ್ಲ ಸೇರಿ ಕೊಟ್ಟಿದ್ದು. ಚೆನ್ನಾಗಿಯೇ ಇದೆ. ನಾಲ್ಕು ಚಕ್ರ, ಬಿಸಿಲಿಗೆ ಕೊಡೆ, ಹಾಲಿನ ಬಾಟಲಿ ಇಡಲು ಒಂದು ಗೂಡು. ತೂಕ 9 ಕೆ.ಜಿ. ಒಂದೇ ಕೈಯಲ್ಲಿ ಮಡಚಬಹುದು ಅಂತ ವೀಡಿಯೋದಲ್ಲಿ ಒಬ್ಬಳು ಹುಡುಗಿ ಮಡಚಿ ತೋರಿಸಿದಳು. ಆ ಹುಡುಗಿಯ ಇನ್ನೊಂದು ಕೈಯಲ್ಲಿ ಮಗು ಇರಲಿಲ್ಲ ಅನ್ನುವುದನ್ನು ನಾನು ಆಮೇಲೆ ಗಮನಿಸಿದೆ.

ನಾವಿರುವುದು ರಾಜಾಜಿನಗರ. ಹತ್ತಿರದ ಮೆಟ್ರೋ ಸ್ಟೇಷನ್ ಮಹಾಕವಿ ಕುವೆಂಪು ರಸ್ತೆ. ನಮ್ಮ ತಾಲ್ಲೂಕಿನವರ ಹೆಸರು ಅಂತ ನನಗೆ ಅದರ ಮೇಲೆ ಸ್ವಲ್ಪ ಅಭಿಮಾನ ಜಾಸ್ತಿ. ಮನೆಯಿಂದ ಅಲ್ಲಿಗೆ ಹತ್ತು ನಿಮಿಷದ ನಡಿಗೆ. ಸ್ಟ್ರೋಲರ್ ತಳ್ಳಿಕೊಂಡು ಹೋದರೆ ಇಪ್ಪತ್ತೈದು. ಒಂದು ದಿನ ಎಣಿಸಿದೆ. ಹನ್ನೊಂದು ಕಡೆ ಫುಟ್‌ಪಾತ್‌ನಿಂದ ಇಳಿಸಿ ಮತ್ತೆ ಹತ್ತಿಸಬೇಕು. ಪ್ರತಿ ಮನೆಯ ಗೇಟಿನ ಎದುರೂ ಕಾರು ಒಳಗೆ ಹೋಗಲು ಒಂದು ಇಳಿಜಾರು. ಆಮೇಲೆ ಟ್ರಾನ್ಸ್‌ಫಾರ್ಮರ್ ಕಂಬ. ಆಮೇಲೆ ಎಳನೀರಿನ ಗಾಡಿ, ಎರಡು ಸ್ಕೂಟರ್. ಒಂದು ಕಡೆ ಚಪ್ಪಡಿ ಕಲ್ಲೇ ಒಂದು ಬದಿ ಎದ್ದು ಕೂತಿದೆ. ಅಲ್ಲಿ ಮುಂದಿನ ಚಕ್ರ ಸಿಕ್ಕಿಕೊಂಡು ಗುಂಡ ಮುಂದಕ್ಕೆ ಬಾಗಿದ. ಬೆಲ್ಟ್ ಇತ್ತು, ಏನೂ ಆಗಲಿಲ್ಲ. ಆದರೆ ನನ್ನ ಎದೆ ಢವಢವ ಅಂದಿದ್ದು ಸ್ಟೇಷನ್ ತಲುಪುವವರೆಗೂ ನಿಲ್ಲಲಿಲ್ಲ.

ಚರ್ಚ್ ಸ್ಟ್ರೀಟಿಗೆ ಒಮ್ಮೆ ಮಗಳ ಜೊತೆ ಅದನ್ನೇ ತಗೊಂಡು ಹೋಗಿದ್ದೆ. ಅಲ್ಲಿ ಕಲ್ಲು ಹಾಸಿದ ರಸ್ತೆ, ನೋಡಲು ಬಹಳ ಚಂದ. ಆದರೆ ಸಣ್ಣ ಚಕ್ರದ ಗಾಡಿಯಲ್ಲಿ ಕೂತವನಿಗೆ? ಗುಂಡ 'ಆ' ಅಂತ ಒಂದೇ ಸಮನೆ ಶುರು ಮಾಡಿದ. ಚಕ್ರದ ಕುಲುಕಾಟಕ್ಕೆ ಅದು 'ಅ ಅ ಅ ಅ' ಅಂತ ಹೊರಗೆ ಬರುತ್ತಿತ್ತು. ಅವನಿಗೆ ಖುಷಿಯೋ ಖುಷಿ. ನಮಗೆ ಅವನ ಕತ್ತಿನದೇ ಚಿಂತೆ.

ಸ್ಟ್ರೋಲರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಏರ್‌ಪೋರ್ಟ್, ಮಾಲ್, ಅಪಾರ್ಟ್‌ಮೆಂಟಿನ ಒಳರಸ್ತೆ, ಲಾಲ್‌ಬಾಗ್, ಇಲ್ಲೆಲ್ಲ ಅದು ರಾಜನ ಪಲ್ಲಕ್ಕಿ. ಕಷ್ಟ ಏನೆಂದರೆ ಲಾಲ್‌ಬಾಗ್ ತಲುಪುವವರೆಗೆ ಅದನ್ನು ಹೊರುವವರು ಯಾರು? ಆಟೋದಲ್ಲಿ ಅಡ್ಡ ಇಟ್ಟರೆ ಹೊರಗೆ ಚಾಚುತ್ತದೆ, ಉದ್ದ ಇಟ್ಟರೆ ನಮ್ಮ ಕಾಲಿಗೆ ಜಾಗ ಇಲ್ಲ. "ಏನಮ್ಮಾ, ಗಾಡಿ ಒಳಗೆ ಗಾಡಿನಾ?" ಅಂತ ಆಟೋದವರು ನಕ್ಕರು. ಈಗ ಅದು ಬಾಲ್ಕನಿಯಲ್ಲಿದೆ. ಅದರ ಕೊಡೆಯ ಮೇಲೆ ಗುಂಡನ ಚಡ್ಡಿಗಳು ಚೆನ್ನಾಗಿ ಒಣಗುತ್ತವೆ.

ಈಗ ವಿಷಯಕ್ಕೆ ಬರುತ್ತೇನೆ. ಗುಂಡನಿಗೆ ಎಂಟು ತಿಂಗಳಾದಾಗ ಮಗಳು ಹಿಪ್ ಸೀಟ್ ಕ್ಯಾರಿಯರ್ ತರಿಸಿದಳು. ಕಂಪನಿ ಹೆಸರು ಬೇಡ, ಇದೇ ಮಾದರಿಯವು ಐದಾರು ಕಂಪನಿಯವು ಸಿಗುತ್ತವೆ. ನಮ್ಮದಕ್ಕೆ 2,800 ರೂಪಾಯಿ ಆಯಿತು. ನೋಡಿಲ್ಲದವರಿಗೆ ಹೇಳುವುದಾದರೆ, ಸೊಂಟಕ್ಕೆ ಕಟ್ಟುವ ಒಂದು ಅಗಲ ಪಟ್ಟಿ, ಅದರ ಮುಂದೆ ಒಂದು ಸಣ್ಣ ಮಣೆ. ಮಣೆಯ ಒಳಗೆ ಗಟ್ಟಿ ಫೋಮ್. ಮೇಲ್ಭಾಗ ನಮ್ಮ ಹೊಟ್ಟೆಯ ಕಡೆಗೆ ಸ್ವಲ್ಪ ಇಳಿಜಾರು, ಮಗು ಮುಂದಕ್ಕೆ ಜಾರದ ಹಾಗೆ. ಬೇಕಾದರೆ ಹೆಗಲಿಗೆ ಹಾಕುವ ಪಟ್ಟಿಗಳನ್ನು ಇದಕ್ಕೆ ಸೇರಿಸಿಕೊಳ್ಳಬಹುದು. ಆಗ ಪೂರ್ತಿ ಜೋಳಿಗೆ.

ಪೆಟ್ಟಿಗೆ ಬಿಚ್ಚಿದಾಗ ನನಗೆ ನಗು ಬಂತು. ಇದೆಂಥ ಮಾರಾಯ್ತಿ, ನನ್ನ ಸೊಂಟಕ್ಕೇ 2,800 ರೂಪಾಯಿ ಕೊಟ್ಟು ಇನ್ನೊಂದು ಸೊಂಟ ತಂದಿದ್ದೀಯಾ ಅಂದೆ. ಮಗಳನ್ನು ನಾನು ಎಡ ಸೊಂಟದ ಮೇಲೆ ಕೂರಿಸಿಕೊಂಡೇ ಸಾರಿಗೆ ಒಗ್ಗರಣೆ ಹಾಕಿದವಳು. ಬಲಗೈ ಯಾವಾಗಲೂ ಖಾಲಿ. ಆದರೆ ಆಗ ನನಗೆ ಮೂವತ್ತು. ಈಗ ಗುಂಡನನ್ನು ಹಾಗೆ ಐದು ನಿಮಿಷ ಎತ್ತಿಕೊಂಡರೆ ಎಡಗಡೆ ಬೆನ್ನು ಹಿಡಿದುಕೊಳ್ಳುತ್ತದೆ. ಸೊಂಟವನ್ನು ಒಂದು ಪಕ್ಕಕ್ಕೆ ಒಡ್ಡಿ ನಿಲ್ಲುತ್ತೇವಲ್ಲ, ಅದೇ ಕಾರಣ. ಮಣೆ ಇದ್ದರೆ ಹಾಗೆ ಒಡ್ಡುವ ಕೆಲಸ ಇಲ್ಲ. ನೆಟ್ಟಗೆ ನಿಲ್ಲಬಹುದು. ಭಾರವೆಲ್ಲ ಪಟ್ಟಿ ಹೊರುತ್ತದೆ.

ಒಂದು ಗುಟ್ಟು ಇದೆ, ಇದು ಗೊತ್ತಿಲ್ಲದೆ ಮೊದಲ ವಾರ ನಾನೂ ಬೈದುಕೊಂಡೆ. ಪಟ್ಟಿಯನ್ನು ಸೀರೆ ಕಟ್ಟುವ ಜಾಗದಲ್ಲಿ ಕಟ್ಟಬಾರದು. ಸೊಂಟದ ಮೂಳೆಗಿಂತ ಒಂದಿಷ್ಟು ಮೇಲೆ, ಬಿಗಿಯಾಗಿ. ಸಡಿಲ ಇದ್ದರೆ ಮಗು ಕೂತ ತಕ್ಷಣ ಮಣೆ ಕೆಳಗೆ ಜಗ್ಗಿ, ಭಾರವೆಲ್ಲ ಮತ್ತೆ ನಮ್ಮ ಕೈಗೇ ಬರುತ್ತದೆ. ಪಾರ್ಸೆಲ್ ಕಟ್ಟುವಾಗ ದಾರ ಎಷ್ಟು ಬಿಗಿ ಇರಬೇಕು ಅಂತ ಗೊತ್ತಿದ್ದವರಿಗೆ ಬೇಗ ಅರ್ಥ ಆಗುತ್ತದೆ.

ಸೀರೆ ಉಡುವವರಿಗೆ ಇದು ಮಾಡಿದ್ದಲ್ಲ. ಅದನ್ನು ಯಾವ ವೀಡಿಯೋದಲ್ಲೂ ಹೇಳುವುದಿಲ್ಲ. ಪಟ್ಟಿಯ ತುದಿಯಲ್ಲಿ ವೆಲ್ಕ್ರೋ ಇದೆ. ನನ್ನ ಹತ್ತಿ ಸೀರೆಯ ಸೆರಗನ್ನು ಅದು ಹಿಡಿದುಕೊಂಡರೆ ಬಿಡುವುದಿಲ್ಲ, ದಾರ ಎಳೆದೇ ತೀರುತ್ತದೆ. ಎರಡು ಸೀರೆ ಹಾಳಾದವು. ಮೊದಲು ಒಂದು ಟವೆಲ್ ಸುತ್ತಿ ಅದರ ಮೇಲೆ ಪಟ್ಟಿ ಕಟ್ಟಿ ನೋಡಿದೆ. ಬೇಸಿಗೆಯಲ್ಲಿ ಬೆವರೋ ಬೆವರು. ಕೊನೆಗೆ ಮಗಳು ಎರಡು ಚೂಡಿದಾರ್ ತಂದುಕೊಟ್ಟಳು. ಜೀವಮಾನದಲ್ಲಿ ಹಾಕಿದವಳಲ್ಲ. ಊರಿಗೆ ಹೋಗುವಾಗ ಮಾತ್ರ ಸೀರೆ ಉಟ್ಟುಕೊಂಡೇ ಹೋಗುತ್ತೇನೆ. ಯಾಕೆ ಸುಮ್ನೆ ಎಲ್ಲರಿಗೂ ವಿವರಣೆ ಕೊಡುವುದು.

ವೆಲ್ಕ್ರೋದ ಇನ್ನೊಂದು ತೊಂದರೆ ಅದರ ಸದ್ದು. ಗುಂಡ ಬಸ್ಸಿನಲ್ಲಿ ನಿದ್ದೆ ಹೋಗುತ್ತಾನೆ. ಮೆಲ್ಲಗೆ ಮನೆಗೆ ತರುತ್ತೇನೆ. ಚಪ್ಪಲಿ ಸದ್ದು ಮಾಡದೆ ಬಿಡುತ್ತೇನೆ. ಮಂಚದ ಮೇಲೆ ಒರಗಿಸಿ ಪಟ್ಟಿ ಬಿಚ್ಚಿದರೆ 'ಪರ್ರ್ರ್'. ಕಣ್ಣು ಬಿಟ್ಟೇ ಬಿಟ್ಟ. ಈಗ ಅವನನ್ನು ಮಲಗಿಸಿ, ಪಟ್ಟಿ ಕಟ್ಟಿಕೊಂಡೇ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಬಿಚ್ಚುತ್ತೇನೆ. ಇದಕ್ಕೆ ಒಂದು ಸ್ಟಾರ್ ಕಡಿಮೆ. ಐದಕ್ಕೆ ನಾಲ್ಕು.

ಮೆಟ್ರೋದಲ್ಲಿ ಇದರ ನಿಜವಾದ ಉಪಯೋಗ ಗೊತ್ತಾಗುತ್ತದೆ. ವಾರಕ್ಕೆ ಎರಡು ಸಲವಾದರೂ ನಾನು ಮತ್ತು ಗುಂಡ ಹಸಿರು ಮಾರ್ಗದಲ್ಲಿ ಲಾಲ್‌ಬಾಗ್‌ಗೆ ಹೋಗುತ್ತೇವೆ. ನೇರ ರೈಲು, ಬದಲಾಯಿಸುವ ತಾಪತ್ರಯ ಇಲ್ಲ. ಎತ್ತರ 3 ಅಡಿಗಿಂತ ಕಡಿಮೆ ಇರುವ ಮಕ್ಕಳಿಗೆ ದೊಡ್ಡವರ ಜೊತೆಗಾದರೆ ಟಿಕೆಟ್ ಇಲ್ಲ. ಗುಂಡ ಈಗ 77 ಸೆಂಟಿಮೀಟರ್, ಇನ್ನೂ ಬೇಕಾದಷ್ಟು ಸಮಯ ಇದೆ. ತಪಾಸಣೆಯಲ್ಲಿ ಚೀಲ ಮಷಿನ್ ಒಳಗೆ ಹೋಗುತ್ತದೆ, ಗುಂಡ ನನ್ನ ಮೇಲೇ ಇರುತ್ತಾನೆ. ತಪಾಸಣೆ ಮಾಡುವ ಹೆಣ್ಣುಮಗಳು ನನ್ನನ್ನು ನೋಡುವುದಕ್ಕಿಂತ ಅವನ ಕೆನ್ನೆ ನೋಡುವುದೇ ಜಾಸ್ತಿ. ಗೇಟಿನ ಹತ್ತಿರ ಗಾಲಿಕುರ್ಚಿಯವರಿಗೆ ಅಂತ ಅಗಲದ ದಾರಿ ಒಂದಿರುತ್ತದೆ, ಅದರಲ್ಲೇ ಹೋಗಿ. ಮಾಮೂಲಿ ಗೇಟಿನಲ್ಲಿ ಮಗುವಿನ ಕಾಲು ಎರಡೂ ಕಡೆ ಚಾಚಿಕೊಂಡಿರುವುದನ್ನು ನಾವು ಮರೆತೇಬಿಡುತ್ತೇವೆ.

ಸಂಪಿಗೆ ರಸ್ತೆ ಸ್ಟೇಷನ್ ದಾಟಿದ ಮೇಲೆ ರೈಲು ನೆಲದ ಕೆಳಗೆ ಇಳಿಯುತ್ತದೆ. ಅಲ್ಲಿಯವರೆಗೆ ಗುಂಡ ಕಿಟಕಿಯಿಂದ ಮನೆಗಳ ಟೆರೇಸು, ನೀರಿನ ಟ್ಯಾಂಕು ನೋಡುತ್ತಿರುತ್ತಾನೆ. ಇದ್ದಕ್ಕಿದ್ದ ಹಾಗೆ ಗಾಜು ಕಪ್ಪಾಗುತ್ತದೆ. ಆ ಕಪ್ಪು ಗಾಜಿನಲ್ಲಿ ಇನ್ನೊಬ್ಬ ಗುಂಡ, ಇನ್ನೊಬ್ಬ ಅಜ್ಜಿ. ಮೊದಲ ಸಲ ಹೆದರಿ ನನ್ನ ಕುತ್ತಿಗೆ ಹಿಡಿದ. ಈಗ ಮೆಜೆಸ್ಟಿಕ್, ಚಿಕ್ಕಪೇಟೆ, ಮಾರ್ಕೆಟ್ ಮುಗಿಯುವವರೆಗೂ ಅವನ ಜೊತೆ ಇವನ ಮಾತುಕತೆ. ನ್ಯಾಷನಲ್ ಕಾಲೇಜಿನ ಹತ್ತಿರ ರೈಲು ಮೇಲೆ ಬಂದು ಬೆಳಕು ಬಿದ್ದರೆ ಇವನಿಗೆ ಬೇಜಾರು. 'ತಾತಾ' ಅಂತ ಗಾಜಿಗೆ ಕೈ ಬೀಸುತ್ತಾನೆ. ಸ್ಟ್ರೋಲರ್‌ನಲ್ಲಿ ಕೂತಿದ್ದರೆ ಅವನಿಗೆ ಕಾಣುತ್ತಿದ್ದುದು ನಿಂತವರ ಮೊಣಕಾಲು ಮಾತ್ರ ಅಲ್ವಾ?

ಇದನ್ನು ಕಟ್ಟಿಕೊಂಡು ಸೀಟಿನಲ್ಲಿ ಕೂರುವುದು ಮಾತ್ರ ಕಷ್ಟ. ಕೂತ ತಕ್ಷಣ ಮಣೆ ತೊಡೆಗೆ ತಾಗಿ ಮೇಲೆ ಎದ್ದು ಹೊಟ್ಟೆಗೆ ಒತ್ತುತ್ತದೆ. ಊಟ ಮಾಡಿ ಹೊರಟಿದ್ದರಂತೂ ಕೇಳಲೇಬೇಡಿ. ಗುಂಡನನ್ನು ಒಂದು ಕೈಯಲ್ಲಿ ಎತ್ತಿ, ಪಟ್ಟಿ ಸ್ವಲ್ಪ ಸಡಿಲ ಮಾಡಿ, ಮಣೆಯನ್ನು ಪಕ್ಕಕ್ಕೆ ತಿರುಗಿಸಿ, ಆಮೇಲೆ ಕೂರಬೇಕು. ಚೂಡಿದಾರ್ ಮೇಲೆ ಇದು ಸಲೀಸಾಗಿ ತಿರುಗುತ್ತದೆ.

ಮೆಟ್ಟಿಲು ಇಳಿಯುವಾಗ ಇನ್ನೂ ಹುಷಾರಾಗಿರಬೇಕು. ಮಣೆ ಮುಂದಿದ್ದರೆ ನಮ್ಮ ಪಾದ ನಮಗೆ ಕಾಣುವುದಿಲ್ಲ. ಎರಡು ಮೆಟ್ಟಿಲು ಉಳಿದಿರುವಾಗಲೇ ಮುಗಿದವು ಅಂದುಕೊಂಡು ನಾನು ಗಾಳಿಯಲ್ಲಿ ಕಾಲಿಟ್ಟಿದ್ದೇನೆ. ಪಕ್ಕದಲ್ಲಿ ಕಂಬಿ ಇತ್ತು, ಬಚಾವು. ಅವತ್ತಿನಿಂದ ಇಳಿಯುವಾಗ ಲಿಫ್ಟ್. ಲಿಫ್ಟ್ ಇಲ್ಲದ ಕಡೆ ಮಣೆಯನ್ನು ಎಡಪಕ್ಕಕ್ಕೆ ತಿರುಗಿಸಿ, ಹಳೇ ಕಾಲದ ಹಾಗೆ ಸೊಂಟಕ್ಕೆ ಕೂರಿಸಿಕೊಂಡು, ಬಲಗೈಯಲ್ಲಿ ಕಂಬಿ ಹಿಡಿದು ಇಳಿಯುತ್ತೇನೆ.

ಬಸ್ಸಿಗೂ ಹಾಗೇ. ಹತ್ತುವಾಗ ಒಂದು ಕೈ ಕಂಬಿಗೆ, ಒಂದು ಕೈ ಮಗುವಿನ ಬೆನ್ನಿಗೆ. ಇನ್ನು ಆಧಾರ್ ತೋರಿಸಲು ಕೈ ಎಲ್ಲಿದೆ? 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಟಿಕೆಟಿಗೆ ದುಡ್ಡಿಲ್ಲ, ಕಾರ್ಡ್ ತೋರಿಸಿ ಸೊನ್ನೆ ರೂಪಾಯಿ ಟಿಕೆಟ್ ತಗೊಂಡರಾಯಿತು. ಮಣೆಯ ಕೆಳಗೆ ಒಂದು ಜಿಪ್ ಇದೆ, ಆಧಾರ್ ಅದರಲ್ಲೇ ಇಟ್ಟಿದ್ದೇನೆ. ಮೊದಲು ಕೂರುತ್ತೇನೆ, ಆಮೇಲೆ ತೆಗೆಯುತ್ತೇನೆ. ಇಲ್ಲಿಯವರೆಗೆ ಎಲ್ಲ ಕಂಡಕ್ಟರ್‌ಗಳೂ ಕಾದಿದ್ದಾರೆ. ಮಗು ಇದ್ದರೆ ಯಾರಾದರೂ ಸೀಟು ಬಿಟ್ಟುಕೊಡುತ್ತಾರೆ. ಬೆಂಗಳೂರಿನ ಬಗ್ಗೆ ಏನೇ ಹೇಳಿ, ಇದೊಂದು ವಿಷಯದಲ್ಲಿ ನನಗೆ ದೂರು ಇಲ್ಲ.

ಒಂದು ಸಂಜೆ ಅಳಿಯ "ಅತ್ತೆ, ಮಲ್ಲೇಶ್ವರಕ್ಕೆ ತಾನೇ? ಗುಂಡನ್ನ ಅದರಲ್ಲೇ ಕೂರಿಸ್ಕೊಳ್ಳಿ, ಸ್ಕೂಟರ್‌ನಲ್ಲಿ ಬಿಡ್ತೀನಿ" ಅಂದ. ನಾನು ಒಪ್ಪಲಿಲ್ಲ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಹೆಲ್ಮೆಟ್ ಬೇಕು, ಗಾಡಿ ಓಡಿಸುವವರಿಗೆ ಸೇರಿಸಿ ಕಟ್ಟುವ ಸುರಕ್ಷಾ ಪಟ್ಟಿ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ದಾಟಬಾರದು ಅಂತ 2023ರಿಂದ ಕೇಂದ್ರದ ನಿಯಮವೇ ಇದೆ. ನಾವು ಕಟ್ಟಿಕೊಳ್ಳುವ ಈ ಮಣೆ ಆ ಪಟ್ಟಿ ಅಲ್ಲ. ಗುಂಡು ಸೂಜಿಯಷ್ಟು ಅಕ್ಷರದಲ್ಲಾದರೂ ಕಂಪನಿಯವರು ಇದನ್ನು ಪೆಟ್ಟಿಗೆ ಮೇಲೆ ಬರೆಯಬಹುದಿತ್ತು. ಆಟೋದಲ್ಲಿ ಹೋದೆವು. ಎಂಟನೇ ಕ್ರಾಸಿನಲ್ಲಿ ಗೌರಿ ಹಬ್ಬದ ಜನ. ಹೂವಿನವರು, ಬಾಳೆಕಂದಿನವರು, ಬಳೆಯವರು, ಕಾಲಿಡಲು ಜಾಗ ಇಲ್ಲ. ಅಲ್ಲಿ ಹೆಗಲಿನ ಪಟ್ಟಿಗಳನ್ನೂ ಹಾಕಿಕೊಂಡೆ. ಬರೀ ಮಣೆ ಇದ್ದರೆ ಒಂದು ಕೈ ಸದಾ ಮಗುವಿನ ಬೆನ್ನ ಮೇಲಿರಲೇಬೇಕು, ಬಿಡುವ ಹಾಗಿಲ್ಲ. ಪಟ್ಟಿ ಇದ್ದರೆ ಎರಡೂ ಕೈ ಬಾಗಿನದ ಸಾಮಾನಿಗೆ. ಮಲ್ಲಿಗೆ ಮಾರುವಾಕೆ ಗುಂಡನಿಗೂ ಒಂದು ತುಂಡು ಕೊಟ್ಟಳು. ಅವನು ತಿಂದ.

ಮೂರು ತಿಂಗಳಾದಾಗ ಒಂದು ಬಕಲ್ ಹತ್ತಿರ ಹೊಲಿಗೆ ಬಿಚ್ಚತೊಡಗಿತು. ಫೋಟೋ ತೆಗೆದು ಕಂಪನಿಗೆ ಕಳಿಸಿದೆವು. ಒಂದು ವಾರ ಉತ್ತರ ಇಲ್ಲ. ಆಮೇಲೆ ನಾನೇ ಫೋನ್ ಮಾಡಿ, ಅಂಚೆ ಕಚೇರಿಗೆ ದೂರು ಕೊಡಲು ಬರುತ್ತಿದ್ದವರ ಧ್ವನಿಯಲ್ಲಿ ಮಾತಾಡಿದೆ. ಆ ಧ್ವನಿ ನನಗೆ ಚೆನ್ನಾಗಿ ಗೊತ್ತು, 36 ವರ್ಷ ಕೇಳಿದ್ದೇನೆ. ಐದನೇ ದಿನಕ್ಕೆ ಹೊಸದು ಬಂತು. ಹಾಗಾಗಿ ನೀವು ತಗೊಂಡರೆ ಬಿಲ್ ಎಸೆಯಬೇಡಿ, ತಿಂಗಳಿಗೊಮ್ಮೆ ಹೊಲಿಗೆಗಳನ್ನು ಎಳೆದು ನೋಡಿ.

ಇನ್ನೂ ಕೂರಲು ಬಾರದ ಎಳೆ ಮಗುವಿಗೆ ಬರೀ ಮಣೆ ಬೇಡ. ಅವರಿಗೆ ಕತ್ತಿಗೂ ಬೆನ್ನಿಗೂ ಪೂರ್ತಿ ಆಧಾರ ಕೊಡುವ ಬೇರೆ ಥರದ ಕ್ಯಾರಿಯರ್ ಇವೆ. ಯಾವುದೇ ಆದರೂ ಮಗು ಕೂತಾಗ ಮೊಣಕಾಲು ಕುಂಡಿಗಿಂತ ಸ್ವಲ್ಪ ಮೇಲಿರಬೇಕು, ಕಪ್ಪೆ ಕೂತ ಹಾಗೆ. ಕಾಲು ಜೋತು ಬಿದ್ದಿದ್ದರೆ ಸರಿ ಇಲ್ಲ. ಮೂಗು ನಮ್ಮ ಬಟ್ಟೆಗೆ ಒತ್ತಿಕೊಂಡಿರಬಾರದು. ಬೆನ್ನಿಗೆ ಅಥವಾ ಮೊಣಕಾಲಿಗೆ ಆಪರೇಷನ್ ಆದವರು ಡಾಕ್ಟರನ್ನು ಕೇಳಿಯೇ ತಗೊಳ್ಳಿ. ನಮ್ಮದರ ಮೇಲೆ 20 ಕೆ.ಜಿ.ವರೆಗೆ ಅಂತ ಬರೆದಿದೆ. ಮಣೆ ತಡೆಯಬಹುದು. ನನ್ನ ಮೊಣಕಾಲಿನ ಲೆಕ್ಕದಲ್ಲಿ 12ಕ್ಕೆ ಕೊನೆ.

ಅಷ್ಟರೊಳಗೆ ಗುಂಡನೇ ಬಿಡುವ ಲಕ್ಷಣ ಇದೆ. ನಡೆಯಲು ಕಲಿತಿದ್ದಾನೆ. ಲಾಲ್‌ಬಾಗ್ ಗೇಟ್ ಬಂದ ತಕ್ಷಣ ಕೆಳಗಿಳಿಯಲು ಒದ್ದಾಟ. ಇಳಿಸಿದರೆ ಮಣೆಯನ್ನು ಬೆನ್ನ ಹಿಂದಕ್ಕೆ ತಿರುಗಿಸಿಕೊಂಡು ಅವನ ಹಿಂದೆ ಓಡುತ್ತೇನೆ. ಹೋಗುವಾಗ ಹೀಗೆ. ಬರುವಾಗ ಸುಸ್ತಾಗಿ ತಾನೇ ಎರಡೂ ಕೈ ಎತ್ತುತ್ತಾನೆ.

ಪಕ್ಕದ ಮನೆಯವರು ಸೆಕೆಂಡ್ ಹ್ಯಾಂಡ್ ಕೊಡುತ್ತೀರಾ ಅಂತ ಕೇಳಿದ್ದಾರೆ. ಇಲ್ಲ ಅಂದೆ. ಶಿವಮೊಗ್ಗದಲ್ಲಿರುವ ನನ್ನ ತಂಗಿಯ ಮಗಳು ಈಗ ಏಳು ತಿಂಗಳ ಬಸುರಿ. ಅವಳಿಗೆ ಆಗಲೇ ಹೇಳಿಟ್ಟಾಗಿದೆ. ಪಕ್ಕದವರಿಗೆ ಬೇಕಾದರೆ ಸ್ಟ್ರೋಲರ್ ಇದೆ, ಚಡ್ಡಿ ಒಣಗಿದ ಮೇಲೆ ತಗೊಂಡು ಹೋಗಲಿ.