ಕರಪತ್ರ ಚೆನ್ನಾಗಿತ್ತು, ಒಂದು ದಿನ ತಡ

2024ರ ಲೋಕಸಭೆ ಚುನಾವಣೆಗೆ ನನ್ನ ಭಾವಮೈದ ಪಕ್ಷೇತರನಾಗಿ ನಿಂತ. ಮೊದಲ ಸಲ. 25,000 ರೂಪಾಯಿ ಠೇವಣಿ ಕಟ್ಟಿದ ಮೇಲೆ ಕೈಯಲ್ಲಿ ಜಾಸ್ತಿ ದುಡ್ಡಿರಲಿಲ್ಲ. ಕರಪತ್ರಕ್ಕೆ ಬಸ್ ಸ್ಟ್ಯಾಂಡ್ ಹಿಂದಿನ ಈ ಪ್ರೆಸ್‌ಗೆ ಹೋದೆವು.

ಅವನದು ಮೂರೇ ಮಾತು. ಕೊಬ್ಬರಿಗೆ ಒಳ್ಳೆ ಬೆಂಬಲ ಬೆಲೆ, ಊರಲ್ಲಿ ರೈಲು ನಿಲುಗಡೆ, ಸಂಸದರ ನಿಧಿಯ ವರ್ಷದ 5 ಕೋಟಿ ಲೆಕ್ಕ ಪಂಚಾಯಿತಿ ಗೋಡೆ ಮೇಲೆ. ಕೈಮುಗಿದ ಫೋಟೊ ಬೇಡ ಅಂದ. 'ಫೋಟೊ ಇಲ್ಲದೆ ಯಾರು ಓದ್ತಾರೆ ಸಾರ್?' ಅಂತ ಪ್ರೆಸ್‌ನವರು ನಕ್ಕರು. ಕೊನೆಗೆ ಅಂಚೆಚೀಟಿ ಸೈಜಿನದು ಹಾಕಿದರು.

ಮುದ್ರಕರ ಹೆಸರು, ವಿಳಾಸ ಹಾಕಲೇಬೇಕು ಅಂತ ಹೇಳಿಕೊಟ್ಟದ್ದೂ ಅವರೇ. ಖರ್ಚಿನ ಲೆಕ್ಕಕ್ಕೆ ಪಕ್ಕಾ ಬಿಲ್ ಕೊಟ್ಟರು. ಆದರೆ 'ಕೊಬ್ಬರಿ' ಹೋಗಿ 'ಗೊಬ್ಬರ' ಆಗಿತ್ತು! ಮತ್ತೆ ಅಚ್ಚು ಹಾಕಲು ಒಂದು ದಿನ ಹೋಯಿತು, ದುಡ್ಡು ಕೇಳಲಿಲ್ಲ.

5ಕ್ಕೆ 4 ಸ್ಟಾರ್. ಠೇವಣಿನಾ? ಅದು ಹೋಯಿತು ಬಿಡಿ.